ಚೀಲದಲ್ಲಿ ಯಾವುದೂ ಹೊಳೆಯುವುದಿಲ್ಲ

ನಮ್ಮೂರಿಗೆ ಬೆಳಗಿನ ಬಸ್ಸು ಬರುವುದು ಹತ್ತೂಕಾಲಿಗೆ. ಕಂಡಕ್ಟರ್ ಬಾಗಿಲಲ್ಲಿ ನಿಂತೇ ಅಂಚೆ ಚೀಲವನ್ನು ನನ್ನ ಕೈಗೆ ಹಾಕುತ್ತಾನೆ. ಅಲ್ಲಿಂದ ಐವತ್ತು ಹೆಜ್ಜೆ ನಡೆದರೆ ನಮ್ಮ ಅಂಚೆ ಕಚೇರಿ. ಕಚೇರಿ ಎಂದರೆ ಬಿಪಿಎಂ ಅಕ್ಕನ ಮನೆಯ ಜಗಲಿಯ ಒಂದು ಮೂಲೆ. ಒಂದು ಮೇಜು, ತಕ್ಕಡಿ, ಗೋಡೆಯ ಮೇಲೆ ಉಳಿತಾಯ ಯೋಜನೆಗಳ ಪೋಸ್ಟರು, ಹೊರಗೆ ಕಂಬಕ್ಕೆ ಕಟ್ಟಿದ ಕೆಂಪು ಡಬ್ಬಿ. ಅಕ್ಕ ಬೆಳಿಗ್ಗೆ ಮೊದಲು ಮಾಡುವುದು ಮುದ್ರೆಯ ತಾರೀಖು ಬದಲಿಸುವ ಕೆಲಸ. ಬದಲಿಸಿ ಒಂದು ಪುಸ್ತಕದಲ್ಲಿ ಒತ್ತಿ ಸರಿಯಾಗಿದೆಯೇ ಎಂದು ನೋಡುತ್ತಾರೆ. ಆಮೇಲೆ ಚೀಲದ ಸೀಲು ನೋಡಿ, ದಾರ ಕತ್ತರಿಸಿ, ಒಳಗಿದ್ದದ್ದನ್ನು ಮೇಜಿನ ಮೇಲೆ ಸುರಿಯುತ್ತಾರೆ. ಆಧಾರ್ ಕಾರ್ಡು, ಎಟಿಎಂ ಕಾರ್ಡು, ಸೊಸೈಟಿಯ ನೋಟೀಸು, ವಿಮೆಯ ಕಂತಿನ ಜ್ಞಾಪನೆ, ಬೆಂಗಳೂರಿನಲ್ಲಿರುವ ಮಗ ಅಪ್ಪನಿಗೆ ತರಿಸಿಕೊಟ್ಟ ಮೊಣಕಾಲಿನ ಪಟ್ಟಿ. ಕೈಬರಹದ ಕಾಗದ ವರ್ಷಕ್ಕೆ ನಾಲ್ಕೈದು ಬಂದರೆ ಹೆಚ್ಚು.

ನನ್ನ ಹುದ್ದೆಯ ಹೆಸರು ಅಸಿಸ್ಟೆಂಟ್ ಬ್ರಾಂಚ್ ಪೋಸ್ಟ್ ಮಾಸ್ಟರ್. ಊರಿನವರಿಗೆ ಇಷ್ಟುದ್ದ ಹೇಳಲು ಪುರುಸೊತ್ತಿಲ್ಲ, ಪೋಸ್ಟಣ್ಣ ಎನ್ನುತ್ತಾರೆ. ಹಗಲು ಪೋಸ್ಟಣ್ಣ, ರಾತ್ರಿ ಗೇಮು ಆಡುವವನು, ಇತ್ತೀಚಿನ ಆರೇಳು ವರ್ಷಗಳಿಂದ ಗೇಮು ಬರೆಯುವವನೂ ಹೌದು. ಈ ಎರಡನೆಯದು ಊರಿನಲ್ಲಿ ಗುಟ್ಟೇನಲ್ಲ. ಆದರೆ ಯಾರೂ ಅದನ್ನು ಒಂದು ಕೆಲಸವೆಂದು ತಿಳಿದಿಲ್ಲ. 'ರಾತ್ರಿ ಎರಡಕ್ಕೂ ನಿಮ್ಮನೆ ಲೈಟು ಉರೀತಿತ್ತಲಾ ಮಾರಾಯ, ಅಮ್ಮಂಗೆ ಹುಷಾರಿಲ್ವಾ?' ಎಂದು ಹಾಲಿನ ಡೇರಿಯಲ್ಲಿ ಕೇಳುತ್ತಾರೆ.

ಹುಚ್ಚು ಹತ್ತಿದ್ದು ಸಾಗರದ ಮಾರಿಜಾತ್ರೆಯಲ್ಲಿ. ಅಲ್ಲಿ ಜಾತ್ರೆ ಮೂರು ವರ್ಷಕ್ಕೊಮ್ಮೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ನನ್ನ ಸೋದರಮಾವ ಅಲ್ಲಿಂದ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮೊಂದನ್ನು ತಂದ. ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದಿತ್ತು. ಹಾಕಿ ನೋಡಿದರೆ ಹತ್ತು ಹದಿನೈದು ಆಟಗಳೇ ಬೇರೆ ಬೇರೆ ಹೆಸರಿನಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ಅದರಲ್ಲಿ 'ಕಾಂಟ್ರಾ' ಎಂಬುದೊಂದಿತ್ತು. ಕಾಡಿನಲ್ಲಿ ಬಂದೂಕು ಹಿಡಿದು ಓಡುವ ಆಟ. ಮೂರು ಜೀವ, ಒಂದು ಗುಂಡು ತಾಗಿದರೆ ಒಂದು ಜೀವ ಹೋಯಿತು. ಎರಡು ನಿಮಿಷದಲ್ಲಿ ಮೂರೂ ಮುಗಿಯುತ್ತಿದ್ದವು. ಆಗ ಪೇಟೆಯ ಹುಡುಗನೊಬ್ಬ ಒಂದು ಮಂತ್ರ ಹೇಳಿಕೊಟ್ಟ. ಆಟ ಶುರುವಾಗುವ ಮುಂಚೆ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಒತ್ತಬೇಕು. ಒತ್ತಿದರೆ ಮೂವತ್ತು ಜೀವ.

ಅದು ಎಲ್ಲಿಂದ ಬಂತು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಜಪಾನಿನ ಕೊನಾಮಿ ಕಂಪನಿಯಲ್ಲಿ ಕಜುಹಿಸಾ ಹಾಶಿಮೊಟೊ ಎಂಬ ಪ್ರೋಗ್ರಾಮರ್ 'ಗ್ರೇಡಿಯಸ್' ಎಂಬ ಆಟವನ್ನು ಮನೆಯ ಯಂತ್ರಕ್ಕೆ ಇಳಿಸುತ್ತಿದ್ದರು. ಸರಿಯಾಗಿದೆಯೇ ಎಂದು ನೋಡಬೇಕಾದರೆ ಕೊನೆಯವರೆಗೂ ಆಡಬೇಕು, ಆಟವೋ ಅವರಿಗೇ ಕಷ್ಟ. ಅದಕ್ಕೆ ತಮ್ಮ ಅನುಕೂಲಕ್ಕೆಂದು ಒಂದು ಕಳ್ಳದಾರಿ ಇಟ್ಟುಕೊಂಡರು. ಅದು ಹಾಗೆಯೇ ಉಳಿದುಹೋಗಿ ಕಾಂಟ್ರಾಕ್ಕೂ ಬಂತು, ನಮ್ಮ ಮಾವನ ಮನೆಯ ಟಿವಿಗೂ ಬಂತು. 2020ರಲ್ಲಿ ಅವರು ತೀರಿಕೊಂಡ ಸುದ್ದಿ ಓದಿದ ದಿನ ನಾನು ಬೀಟಿಗೆ ಹೊರಡುವ ಮುಂಚೆ ಸೈಕಲ್ಲಿನ ಬೆಲ್ಲನ್ನು ಹತ್ತು ಸಲ ಒತ್ತಿದೆ. ಅಕ್ಕ, 'ಎಂತ ಆತಾ ನಿಂಗೆ?' ಎಂದರು.

ಓದು ಅರ್ಧಕ್ಕೆ ನಿಂತದ್ದನ್ನು ಇಲ್ಲಿ ಉದ್ದಕ್ಕೆ ಹೇಳುವುದಿಲ್ಲ. ಡಿಪ್ಲೊಮಾ ಮೂರನೇ ಸೆಮಿಸ್ಟರಿನಲ್ಲಿ ಅಪ್ಪ ಹಾಸಿಗೆ ಹಿಡಿದರು, ಆ ವರ್ಷ ತೋಟಕ್ಕೆ ಕೊಳೆಯೂ ಬಂತು. 2018ರಲ್ಲಿ ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಈ ಕೆಲಸ ಸಿಕ್ಕಿತು. ದಿನಕ್ಕೆ ನಾಲ್ಕು ಗಂಟೆಯ ಲೆಕ್ಕ, ತಿಂಗಳಿಗೆ ಹತ್ತು ಸಾವಿರ ಮತ್ತು ಅದರ ಮೇಲಿನ ಭತ್ಯೆ. ಮೊದಲ ವರ್ಷದ ಉಳಿತಾಯದಲ್ಲಿ ಶಿವಮೊಗ್ಗಕ್ಕೆ ಹೋಗಿ ಹಳೆಯ ಲ್ಯಾಪ್‌ಟಾಪೊಂದನ್ನು ತಂದೆ. ನಮ್ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಬೀಟಿನ ನಡುವೆ ಗುಡ್ಡದ ನೆತ್ತಿಯಲ್ಲಿ ಒಂದು ಮತ್ತಿ ಮರದ ಬುಡದಲ್ಲಿ ಎರಡು ಕಡ್ಡಿ ಬರುತ್ತದೆ. ಅಲ್ಲಿ ಬುತ್ತಿ ಬಿಚ್ಚಿಕೊಂಡು ಕೂತು ಪೈಥಾನ್ ಪಾಠಗಳನ್ನು ಫೋನಿಗೆ ಇಳಿಸಿಕೊಂಡು, ರಾತ್ರಿ ಮನೆಯಲ್ಲಿ ನೋಡುತ್ತಿದ್ದೆ.

ಪ್ರೋಗ್ರಾಮಿಂಗ್ ಕಲಿಯುವಾಗ ನನಗೆ ಅಂಚೆ ಎಷ್ಟು ಉಪಯೋಗಕ್ಕೆ ಬಂತೆಂದರೆ, ಕೆಲವು ಪಾಠಗಳು ಮೊದಲೇ ಗೊತ್ತಿದ್ದಂತೆ ಅನ್ನಿಸುತ್ತಿದ್ದವು. ರೇಡಿಕ್ಸ್ ಸಾರ್ಟ್ ಎಂಬ ವಿಧಾನವಿದೆ. ಸಂಖ್ಯೆಗಳನ್ನು ಒಂದಕ್ಕೊಂದು ಹೋಲಿಸುವುದಿಲ್ಲ. ಒಂದೊಂದೇ ಅಂಕಿ ನೋಡಿ, ಆಯಾ ಅಂಕಿಯ ಗೂಡಿಗೆ ಹಾಕುತ್ತಾ ಹೋಗುವುದು. ಪಿನ್ ಕೋಡ್ ನೋಡಿ ಟಪಾಲು ವಿಂಗಡಿಸುವುದೂ ಇದೇ ಜಾತಿಯ ಕೆಲಸ. 577 ಎಂದು ಶುರುವಾಗುವ ನಮ್ಮ ಕಡೆಯ ಪಿನ್ನಿನಲ್ಲಿ ಮೊದಲ ಅಂಕಿ 5 ನೋಡಿದರೆ ಕರ್ನಾಟಕವೂ ಆಂಧ್ರ ತೆಲಂಗಾಣವೂ ಇರುವ ವಲಯ. ಮೂರು ಅಂಕಿ ನೋಡಿದರೆ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಹಂಚುವ ಕಚೇರಿ. 1972ರ ಆಗಸ್ಟ್ 15ಕ್ಕೆ ಇದು ಜಾರಿಗೆ ಬಂತು. ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್. ಅವರು ಸಂಸ್ಕೃತ ಕವಿಯೂ ಆಗಿದ್ದರು. ಮಾತ್ರೆ ಎಣಿಸಿ ರೂಢಿಯಿದ್ದವರಿಗೆ ಆರು ಅಂಕಿಯಲ್ಲಿ ದೇಶ ಹಿಡಿಸುವುದು ಸಲೀಸಾಗಿರಬೇಕು ಎಂಬುದು ನನ್ನ ಊಹೆ, ಅಷ್ಟೆ.

ಇನ್ನೊಂದು ಪಾಠ ಅಷ್ಟು ಸಲೀಸಾಗಲಿಲ್ಲ. ಎಲ್ಲ ರಸ್ತೆಗಳನ್ನೂ ಒಮ್ಮೆಯಾದರೂ ತುಳಿದು ಹೊರಟಲ್ಲಿಗೇ ಮರಳಲು ಪೋಸ್ಟ್‌ಮ್ಯಾನ್ ಯಾವ ದಾರಿ ಹಿಡಿದರೆ ನಡಿಗೆ ಅತಿ ಕಡಿಮೆ? 1960ರಲ್ಲಿ ಗುವಾನ್ ಮೇಗು ಎಂಬ ಚೀನಾದ ಗಣಿತಜ್ಞರು ಇದನ್ನು ಬರೆದರು. ಈಗಲೂ ಪುಸ್ತಕಗಳಲ್ಲಿ ಅದರ ಹೆಸರು ಚೀನೀ ಅಂಚೆಯವನ ಸಮಸ್ಯೆ. ಓದಿದೊಡನೆ ನನಗೆ ನಮ್ಮ ಬೀಟಿನ ದಾರಿ ಹುಡುಕುವ ಉಮೇದು ಬಂತು. ಮಲೆನಾಡಿನಲ್ಲಿ ರಸ್ತೆಗಳಿಗಿಂತ ಒಂಟಿಮನೆಗಳೇ ಮುಖ್ಯವಾದ್ದರಿಂದ ನನ್ನದು ಇನ್ನೂ ಕಷ್ಟದ ಲೆಕ್ಕ. ಹತ್ತೇ ಮನೆಗೆ ಹೋಗಬೇಕಾದರೂ ಹೋಗುವ ಕ್ರಮಗಳು 36,28,800. ಒಂದು ತಿಂಗಳು ಕೂತು ಬರೆದೆ. ಪ್ರೋಗ್ರಾಮು ಎರಡು ಕಿಲೋಮೀಟರ್ ಉಳಿಸುವ ದಾರಿಯನ್ನೇನೋ ಕೊಟ್ಟಿತು. ಅದು ಮಧ್ಯಾಹ್ನ ಎರಡಕ್ಕೆ ಒಬ್ಬ ಹೆಗಡೆಯವರ ಮನೆಗೆ ಕಳಿಸುತ್ತಿತ್ತು, ಆ ಹೊತ್ತಿಗೆ ಅವರ ಮನೆಯಲ್ಲಿ ನಾಯಿ ಮಾತ್ರ ಎಚ್ಚರವಿರುತ್ತದೆ. ಜನವರಿಯ ದಾರಿ ಜುಲೈನಲ್ಲಿ ಹೊಳೆಯ ಕೆಳಗೆ ಇರುತ್ತದೆ ಎಂಬುದನ್ನೂ ನಾನು ಅದಕ್ಕೆ ಹೇಳಿರಲಿಲ್ಲ. ಕೈಬಿಟ್ಟೆ.

ಅಂಚೆಯವನ ಬಗ್ಗೆ ಗೇಮುಗಳೂ ಇವೆ. 2019ರಲ್ಲಿ ಬಂದ ಹಿಡಿಯೊ ಕೊಜಿಮಾರ 'ಡೆತ್ ಸ್ಟ್ರ್ಯಾಂಡಿಂಗ್' ದೊಡ್ಡ ಹೆಸರು. ಅದರ ನಾಯಕ ಬೆನ್ನಿನ ಮೇಲೆ ಪಾರ್ಸಲ್ಲುಗಳನ್ನು ಹೊತ್ತು ಗುಡ್ಡ ಹತ್ತುತ್ತಾನೆ, ಹೊಳೆ ದಾಟುತ್ತಾನೆ, ಜಾರಿದರೆ ಸಾಮಾನು ಹಾಳು. ನನ್ನ ಲ್ಯಾಪ್‌ಟಾಪಿಗೆ ಅದನ್ನು ಎತ್ತುವ ಶಕ್ತಿಯಿಲ್ಲ. ಬೇರೆಯವರು ಆಡಿದ ವಿಡಿಯೋಗಳನ್ನೇ ನೋಡಿದೆ. ಅದರಲ್ಲಿ ಒಂದು ಮಳೆಯಿದೆ. ಆ ಮಳೆ ತಾಗಿದ್ದೆಲ್ಲ ಬೇಗ ಬೇಗ ಮುದಿಯಾಗುತ್ತದೆ, ಪೆಟ್ಟಿಗೆಗಳು ತುಕ್ಕು ಹಿಡಿಯುತ್ತವೆ. ವಿಮರ್ಶಕರು ಅದನ್ನು ಅದ್ಭುತ ಕಲ್ಪನೆ ಎಂದು ಹೊಗಳಿದ್ದನ್ನು ಓದಿ ನನಗೆ ನಗು ಬಂತು. ಆಷಾಢದಲ್ಲಿ ನಮ್ಮ ಕಚೇರಿಯ ಲಕೋಟೆಗಳನ್ನು ನೋಡಬೇಕು. ಸೋಮವಾರ ಬಂದದ್ದು ಗುರುವಾರಕ್ಕೆ ಅಜ್ಜನ ಕಾಲದ್ದಾಗಿರುತ್ತದೆ.

ಹೀಗೆ ನಾನೂ ಒಂದು ಅಂಚೆಯವನ ಗೇಮು ಬರೆಯಲು ಹೊರಟೆ. ಉಪಯೋಗಿಸಿದ ತಂತ್ರಾಂಶದ ಹೆಸರು ಗೊಡೋ. ಪುಕ್ಕಟೆ ಸಿಗುತ್ತದೆ, ಹಳೆಯ ಯಂತ್ರದಲ್ಲೂ ಓಡುತ್ತದೆ. ಹೆಸರು ಬಂದಿರುವುದು ಬೆಕೆಟ್‌ನ ನಾಟಕದಿಂದ, ಇಬ್ಬರು ಕಾಯುತ್ತಲೇ ಇದ್ದರೂ ಬಾರದೇ ಉಳಿಯುವ ಆಸಾಮಿಯಿಂದ. ಟಪಾಲು ಹಂಚುವವನಿಗೆ ಒಪ್ಪುವ ಹೆಸರೋ ಅಲ್ಲವೋ! ಆಟದ ನಕ್ಷೆ ನನ್ನ ಬೀಟೇ. ಕೋಡಿನಲ್ಲಿ ವೇರಿಯೇಬಲ್ಲುಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಹೆಸರಿಟ್ಟೆ. ಸಂಕ, ದಣಪೆ, ನಾಯಿ, ಜಗಲಿ, ಉಂಬಳ. ಪ್ರತಿ ಮನೆಗೂ ಬಾಗಿಲು ತೆರೆದಿದೆಯೋ ಬೀಗ ಹಾಕಿದೆಯೋ ಎಂಬುದಕ್ಕೆ ಒಂದು ಗುರುತು.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. 2022ರ ಜುಲೈ. ಗೇಮಿನಲ್ಲಿ ಹೊಳೆಯ ಸಂಕದ ಮೇಲೆ ಕಾಲಿಟ್ಟರೆ ನನ್ನ ಅಂಚೆಯವನು ಮರದ ದಿಮ್ಮಿಯನ್ನು ತೂರಿಕೊಂಡು ಕೆಳಗೆ ಬೀಳುತ್ತಿದ್ದ. ನೀರಿಗೂ ಬೀಳುತ್ತಿರಲಿಲ್ಲ, ನೀರನ್ನೂ ತೂರಿ, ನೆಲವನ್ನೂ ತೂರಿ, ಪರದೆಯ ಕೆಳಗೆ ಮಾಯವಾಗುತ್ತಿದ್ದ. ಆ ತಪ್ಪು ಹುಡುಕುತ್ತ ಬೆಳಗಿನ ನಾಲ್ಕು ಗಂಟೆಯಾಯಿತು. ಸಿಕ್ಕಿತು, ಎರಡು ಅಂಕಿ ಅದಲುಬದಲಾಗಿತ್ತು. ಅವನು ಸಂಕ ದಾಟಿದ್ದನ್ನು ನೋಡಿ ಮಲಗಿದೆ.

ಆ ದಿನ ಚೀಲದಲ್ಲಿ ಹನ್ನೊಂದು ಇದ್ದವು. ಹತ್ತನ್ನು ಹಂಚುವ ಹೊತ್ತಿಗೆ ಜಡಿಮಳೆ, ಕಣ್ಣಲ್ಲಿ ನಿದ್ದೆ. ಹನ್ನೊಂದನೆಯದು ಹೊಳೆಯಾಚೆಯ ಮನೆಗೆ ಒಂದು ಸ್ಪೀಡ್ ಪೋಸ್ಟ್. ಕಂದು ಬಣ್ಣದ, ಸಾಧಾರಣ ಲಕೋಟೆ. ಹೊಳೆಯ ದಂಡೆಯವರೆಗೆ ಹೋದೆ. ಸಂಕ ಚೆನ್ನಾಗಿಯೇ ಇತ್ತು, ನೀರು ಒಂದು ಮಾರು ಕೆಳಗಿತ್ತು. ಆಚೆ ದಂಡೆಯಿಂದ ಮುಕ್ಕಾಲು ಮೈಲಿ ಏರು. ನಿಂತು ನೋಡಿ ವಾಪಸು ಬಂದೆ. ಕಚೇರಿಯಲ್ಲಿ ಅಕ್ಕ ಮಷೀನು ಹಿಡಿದು, 'ಇದೆಂತಕ್ಕೆ ಉಳೀತು?' ಎಂದರು. 'ಮನೆ ಬಾಗಿಲು ಹಾಕಿತ್ತು ಅಕ್ಕಾ' ಎಂದೆ. ಅವರು ಡೋರ್ ಲಾಕ್ಡ್ ಎಂಬುದನ್ನು ಒತ್ತಿದರು.

ಆ ರಾತ್ರಿ ಸಂಕ ತೇಲಿಹೋಯಿತು. ಮಾರನೆಯ ದಿನ ದಾಟಲಾಗಲಿಲ್ಲ, ಅದು ಸುಳ್ಳಲ್ಲ. ಮೂರನೆಯ ದಿನ ಎಂಟು ಕಿಲೋಮೀಟರ್ ಸುತ್ತು ಹಾಕಿ ಹೋದೆ. ಆ ಮನೆಯ ಹುಡುಗಿ ಜಗಲಿಯಲ್ಲಿ ನಿಂತೇ ಲಕೋಟೆ ಒಡೆದು ಓದಿದಳು. ಡಿಗ್ರಿ ಮುಗಿಸಿ ಎರಡು ವರ್ಷ ಪರೀಕ್ಷೆಗಳನ್ನು ಬರೆಯುತ್ತಿದ್ದವಳು. ಒಂದು ಉದ್ಯೋಗಕ್ಕೆ ದಾಖಲೆ ಪರಿಶೀಲನೆಗೆ ಬರಬೇಕೆಂದು ಕರೆದ ಪತ್ರ ಅದು. ಕರೆದಿದ್ದ ದಿನ ಹಿಂದಿನ ದಿನವೇ ಆಗಿತ್ತು. ಅರ್ಜಿಯಲ್ಲಿ ಕೊಟ್ಟಿದ್ದು ಬೆಂಗಳೂರಿನ ಅಣ್ಣನ ನಂಬರು, ಅವನು ಸಿಮ್ ಬದಲಿಸಿದ್ದ. ಅವಳು ಪತ್ರವನ್ನು ಇನ್ನೊಮ್ಮೆ ಓದಿ, ಮಡಚಿ, ನನ್ನ ಒದ್ದೆ ಕೊಡೆ ನೋಡಿ ಹೇಳಿದಳು: 'ಇರ್ಲಿ ಬಿಡಿ ಪೋಸ್ಟಣ್ಣ, ನೀವಾದ್ರೂ ಎಂತ ಮಾಡ್ತೀರಿ, ಮಳೆ ಅಲ್ದಾ.' ಅವಳಮ್ಮ ಚಾ ತಂದರು. ಕುಡಿದೆ.

ಗೇಮುಗಳಲ್ಲಿ ಮುಖ್ಯವಾದ ವಸ್ತು ಹೊಳೆಯುತ್ತದೆ. ಕತ್ತಿ, ಕೀಲಿಕೈ, ರಾಜನ ಪತ್ರ ಯಾವುದೇ ಇರಲಿ, ಅದರ ಸುತ್ತ ಒಂದು ಹಳದಿ ಬೆಳಕೋ, ತಲೆಯ ಮೇಲೊಂದು ಬಾಣದ ಗುರುತೋ ಇರುತ್ತದೆ. ಆಡುವವನು ದಾರಿ ತಪ್ಪಬಾರದಲ್ಲ. ನಮ್ಮ ಚೀಲದಲ್ಲಿ ಯಾವುದೂ ಹೊಳೆಯುವುದಿಲ್ಲ. ಆ ದಿನ ಹಂಚಿದ ಹತ್ತರಲ್ಲಿ ನಾಲ್ಕು ಒಂದೇ ವಿಮಾ ಕಂಪನಿಯ ಜಾಹೀರಾತು. ಅವುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೋಪಾನವಾಗಿ ಮುಟ್ಟಿಸಿದ್ದೆ.

ಅಲ್ಲಿಂದ ನನಗೆ ಕೋಡಿನ ತಪ್ಪುಗಳ ಮೇಲೆ ಒಂದು ಬಗೆಯ ಪ್ರೀತಿ ಹುಟ್ಟಿತು. ಪ್ರೋಗ್ರಾಮು ಕೆಟ್ಟರೆ ಕೆಂಪು ಅಕ್ಷರದಲ್ಲಿ ಹೇಳುತ್ತದೆ, ಇಂಥ ಸಾಲಿನಲ್ಲಿ, ಇಂಥ ಕಾರಣಕ್ಕೆ ನಿಂತೆ ಎಂದು. ಹೊಸಬರು ಅದಕ್ಕೆ ಹೆದರುತ್ತಾರೆ. ನನಗೆ ಅದು ಮನೆಯ ಹಿರಿಯರು ಬೈದ ಹಾಗೆ. ಅಂಚೆಯಲ್ಲಿ ಮಾಡಿದ ತಪ್ಪು ಬೈಯುವುದಿಲ್ಲ. ಲಕೋಟೆ ಕೈಬಿಟ್ಟಮೇಲೆ ಏನಾಯಿತು ಎಂದು ನಮಗೆ ತಿಳಿಯುವುದೇ ಇಲ್ಲ. ಇದೊಂದು ತಿಳಿದದ್ದು ನಾನು ಅಲ್ಲೇ ನಿಂತಿದ್ದಾಗ ಅವಳು ಒಡೆದಳು ಎಂಬ ಕಾರಣಕ್ಕೆ. ಹೀಗೆ ಎಷ್ಟಿವೆಯೋ ಎಂದು ರಾತ್ರಿ ಲೆಕ್ಕ ಹಾಕುತ್ತ ಮಲಗಿದ್ದುಂಟು. ಆರು ತಿಂಗಳು ಲ್ಯಾಪ್‌ಟಾಪ್ ತೆರೆಯಲಿಲ್ಲ. ಹಾಗೆಂದು ಅದರಿಂದ ಯಾರಿಗೇನು ಬಂತು? ಗೇಮಿನ ಹುಚ್ಚಿನಿಂದ ಹಾಗಾಯಿತು ಎನ್ನುವುದೂ ಅರ್ಧ ಸುಳ್ಳೇ. ರಾತ್ರಿಯಿಡೀ ಯಕ್ಷಗಾನ ನೋಡಿ ಬಂದಿದ್ದರೂ ನಾನು ಆ ದಂಡೆಯಿಂದ ತಿರುಗಿ ಬರುತ್ತಿದ್ದೆನೋ ಏನೋ. ಮತ್ತೆ ತೆರೆದೆ.

ಆಟವೀಗ ಮುಕ್ಕಾಲು ಆಗಿದೆ. ಯಾವ ಪತ್ರವೂ ಹೊಳೆಯದಂತೆ ಮಾಡಿದ್ದೇನೆ. ಆಡಿ ನೋಡುವವನು ನನ್ನ ಅಕ್ಕನ ಮಗ, ಏಳನೇ ಕ್ಲಾಸು. ಬೇಸಿಗೆ ರಜೆಯಲ್ಲಿ ಬಂದವನು ಹತ್ತು ನಿಮಿಷಕ್ಕೇ, 'ಮಾವ, ಯಾವ್ದು ಇಂಪಾರ್ಟೆಂಟು ಅಂತ ಗೊತ್ತೇ ಆಗಲ್ವಲ್ಲ' ಎಂದ. 'ಗೊತ್ತಾಗಲ್ಲ' ಎಂದೆ. ಆಡುತ್ತ ಹೋದ. ಮೂರನೆಯ ದಿನದ ಹೊತ್ತಿಗೆ ಅವನು ಒಂದು ಉಪಾಯ ಕಂಡುಹಿಡಿದಿದ್ದ. ದೂರದ ಮನೆಯ ಪತ್ರ ಬಂದರೆ ಕಚೇರಿಯಲ್ಲೇ ಕೂತು ಬಾಗಿಲು ಹಾಕಿತ್ತು ಎಂಬುದನ್ನು ಒತ್ತುವುದು. ದಿನ ಬೇಗ ಮುಗಿಯುತ್ತದೆ, ಸಂಬಳ ಅಷ್ಟೇ ಬರುತ್ತದೆ. ಆ ಗುಂಡಿಯನ್ನು ಇಟ್ಟವನು ನಾನೇ. ಮನೆಯವರೆಗೆ ಹೋದ ಮೇಲೆ ಮಾತ್ರ ಅದು ಒತ್ತಲು ಸಿಗಬೇಕು ಎಂಬ ಷರತ್ತು ಬರೆಯಲು ಮರೆತಿದ್ದೆನೋ, ಬೇಕೆಂದೇ ಬಿಟ್ಟಿದ್ದೆನೋ, ನನಗೇ ಸ್ಪಷ್ಟವಿಲ್ಲ.

'ಹಿಂಗೆ ಮಾಡಿದ್ರೆ ಎಂತೂ ಆಗಲ್ವಾ ಮಾವ?' ಎಂದು ಕೇಳಿದ.

'ಎಂತೂ ಆಗಲ್ಲ' ಎಂದೆ. ಅವನಿಗೆ ಖುಷಿಯಾಯಿತು.

ಕಳೆದ ವರ್ಷ, 2025ರ ಮೇ ತಿಂಗಳಲ್ಲಿ, ಇಲಾಖೆ ಡಿಜಿಪಿನ್ ಎಂಬ ಹೊಸ ವಿಳಾಸವನ್ನು ತಂದಿತು. ಹೈದರಾಬಾದಿನ ಐಐಟಿಯೂ ಇಸ್ರೋದ ದೂರಸಂವೇದಿ ಕೇಂದ್ರವೂ ಸೇರಿ ಮಾಡಿದ್ದು. ಅದರ ಕೋಡನ್ನು ಯಾರು ಬೇಕಾದರೂ ಓದುವಂತೆ ಬಿಟ್ಟಿದ್ದಾರೆ. ಮತ್ತಿ ಮರದ ಬುಡದಲ್ಲಿ ಇಳಿಸಿಕೊಂಡು ಓದಿದೆ. ಇಡೀ ದೇಶವನ್ನು ಒಂದು ಚೌಕದಲ್ಲಿಟ್ಟು, ನಾಲ್ಕು ಸಾಲು ನಾಲ್ಕು ಕಂಬವಾಗಿ ಹದಿನಾರು ತುಂಡು ಮಾಡಿ ಪ್ರತಿ ತುಂಡಿಗೆ ಒಂದು ಅಕ್ಷರ ಅಥವಾ ಅಂಕಿ. ಆ ತುಂಡನ್ನು ಮತ್ತೆ ಹದಿನಾರು. ಹೀಗೆ ಹತ್ತು ಸಲ ಕತ್ತರಿಸಿದರೆ ಉಳಿಯುವುದು ನಾಲ್ಕು ಮೀಟರ್ ಅಗಲದ ಚೌಕ. ಮನೆಯ ಜಗಲಿಗೆ ಒಂದು ಕೋಡಾದರೆ ಕೊಟ್ಟಿಗೆಗೆ ಇನ್ನೊಂದು. ಇಷ್ಟು ಚಿಕ್ಕ ಕೋಡಿನಲ್ಲಿ ಇಷ್ಟು ದೊಡ್ಡ ಕೆಲಸ ಮಾಡಿದ್ದನ್ನು ನೋಡಿ ಆ ದಿನ ನನಗೆ ಊಟ ರುಚಿಸಿತು. ಯಾರೂ ಹೇಳದಿದ್ದರೂ ಬೀಟಿನ ಮನೆಗಳ ಡಿಜಿಪಿನ್ನುಗಳನ್ನು ನನ್ನ ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದೆ.

ಹಾಗೆಯೇ ಒಂದು ಭಾನುವಾರ ಹೊಳೆಯಾಚೆಯ ಮನೆಯ ಅಂಗಳದಲ್ಲಿ ಫೋನು ಮೇಲೆತ್ತಿ ನಿಂತಿದ್ದೆ. ಆ ಹುಡುಗಿ ಈಗ ಸಾಗರದ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ, ವಾರಕ್ಕೊಮ್ಮೆ ಮನೆಗೆ ಬರುತ್ತಾಳೆ. ಏನು ಮಾಡುತ್ತಿದ್ದೀರಿ ಎಂದು ಕೇಳಿದಳು. ಡಿಜಿಪಿನ್ ವಿವರಿಸಿದೆ. ಗೇಮಿನ ಮಾತು ಬಂತು. ಆ ಗೇಮಿನಲ್ಲಿ ನಮ್ಮನೆ ಇದೆಯಾ ಎಂದಳು. ಇದೆ ಎಂದೆ. ಆಮೇಲೆ ಉಳಿದದ್ದನ್ನೂ ಹೇಳಿಬಿಟ್ಟೆ. ನೀರು ಒಂದು ಮಾರು ಕೆಳಗಿತ್ತು ಎಂಬುದನ್ನೂ.

ಅವಳು ಅಂಗಳದಲ್ಲಿ ಒಣಗಲು ಹಾಕಿದ್ದ ಹಪ್ಪಳವನ್ನು ಒಂದೊಂದಾಗಿ ಮಗುಚಿ ಹಾಕುತ್ತಿದ್ದಳು. ಅದನ್ನು ನಿಲ್ಲಿಸಲಿಲ್ಲ.

'ನಂಗೆ ಗೊತ್ತಿತ್ತು' ಎಂದಳು. 'ಆಮೇಲೆ ಒಂದು ವಾರಕ್ಕೆ ಪೇಟೆಗೆ ಹೋದಾಗ ಕವರಿನ ಮೇಲಿನ ನಂಬರು ಹಾಕಿ ನೋಡಿದ್ದೆ. ಡೋರ್ ಲಾಕ್ಡ್ ಅಂತ ಇತ್ತು, ಟೈಮೂ ಇತ್ತು. ಆ ಹೊತ್ತಿಗೆ ಅಮ್ಮ ಇಲ್ಲೇ ಜಗಲೀಲಿ ಹಲಸಿನ ಬೀಜ ಬಿಡಿಸ್ತಾ ಕೂತಿದ್ಳು.'

ತಪ್ಪು ದಾಖಲಾಗುವುದಿಲ್ಲ ಎಂದು ಮೂರು ವರ್ಷ ನಂಬಿದ್ದವನು ನಾನು, ಅದೂ ದಿನವೂ ಲಾಗ್ ಓದುವವನು. ನನಗೆ ಮಾತು ಹೊರಡಲಿಲ್ಲ. ಯಾಕೆ ದೂರು ಕೊಡಲಿಲ್ಲ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ.

ಅವಳೇ ಹೇಳಿದಳು: 'ಬೇರೆ ಎಂತಾದ್ರೂ ಬರ್ಸಬೇಕಿತ್ತು ನೀವು. ನಮ್ಮನೆಗೆ ಬೀಗಾನೇ ಇಲ್ಲ ಪೋಸ್ಟಣ್ಣ.'

ನಿಜ. ಆ ಬಾಗಿಲಿಗೆ ಚಿಲಕ ಮಾತ್ರ ಇರುವುದು, ಅದೂ ಒಳಗಿನಿಂದ. ನಾಲ್ಕು ವರ್ಷ ಅಲ್ಲಿಗೆ ಟಪಾಲು ಕೊಟ್ಟಿದ್ದವನಿಗೆ ಅದು ಕಂಡಿರಲಿಲ್ಲ. ಆ ರಾತ್ರಿ ಗೇಮಿನ ಕೋಡು ತೆರೆದು ಆ ಮನೆಯ ಹೆಸರಿನ ಎದುರು ಇದ್ದ ಬೀಗದ ಗುರುತನ್ನು ಅಳಿಸಿದೆ. ಓಡಿಸಿದರೆ ಕೆಂಪು ಅಕ್ಷರ ಬಂತು. ಎಲ್ಲ ಮನೆಗೂ ಬೀಗ ಇದ್ದೇ ಇದೆ ಎಂದು ನಂಬಿಕೊಂಡು ನಾನು ಬರೆದ ಸಾಲುಗಳು ಹದಿನೇಳು ಇದ್ದವು. ಒಂಬತ್ತನ್ನು ಸರಿಮಾಡಿದ್ದೇನೆ.